ಇನ್ನೂರ ಹನ್ನೆರಡನೆಯ ಮಣಿ

ಹೊಸ ಪ್ಯಾಂಟನ್ನು ಹಳೆಯದು ಮಾಡುವುದು ಹೊನ್ನೂರಮ್ಮನ ಕಸುಬಾಗಿತ್ತು. ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಅದೊಂದನ್ನೇ. ಆಗಷ್ಟೇ ಹೊಲಿಗೆ ಮುಗಿಸಿ ಬಂದ ಪ್ಯಾಂಟನ್ನು ಮರದ ಕಾಲಿಗೆ ತೊಡಿಸಿ, ಎಮರಿ ಕಾಗದ ಹಿಡಿದು ತೊಡೆಯ ಮೇಲೆ ಇಷ್ಟು, ಮೊಣಕಾಲಿನ ಮೇಲೆ ಇಷ್ಟು, ಕಿಸೆಯ ಅಂಚಿಗೆ ಇಷ್ಟು ಎಂದು ತಿಕ್ಕಬೇಕು. ನೋಡಿದವರಿಗೆ ಯಾರೋ ಎರಡು ವರ್ಷ ಉಟ್ಟು, ಕೂತು, ಎದ್ದು ಸವೆಸಿದ ಹಾಗೆ ಕಾಣಬೇಕು. ಆ ಕೋಣೆಯಿಂದ ಹೊರಬರುವಾಗ ಹೆಂಗಸರ ಹುಬ್ಬು, ಮೂಗಿನ ಹೊಳ್ಳೆ, ಉಗುಳು ಎಲ್ಲವೂ ನೀಲಿಯಾಗಿರುತ್ತಿದ್ದವು.

"ನಮ್ಮ ಸೀರಿ ತಾವಾ ಸವೀತಾವ. ಅದಕ್ಕ ಮಾತ್ರ ಯಾರೂ ಕೂಲಿ ಕೊಡಂಗಿಲ್ಲ ನೋಡಕ್ಕ," ಎಂದು ಪಕ್ಕದ ಮರದ ಕಾಲಿನ ಮುಂದೆ ಕೂತ ಹುಸೇನ್‌ಬಿ ನಗಿಸುತ್ತಿದ್ದಳು.

ಕೆಮ್ಮು ಎದೆಗಿಳಿದ ಮೇಲೆ ಹೊನ್ನೂರಮ್ಮ ಕೆಲಸ ಬಿಟ್ಟಳು. ಅವಳು ಬಿಟ್ಟ ಮರದ ಕಾಲಿನ ಮುಂದೆ ಅವಳ ಮಗಳು ಸುಂಕಮ್ಮ ಹೋಗಿ ಕೂತಳು. ಗಂಡನ ಮನೆಯ ಸಹವಾಸ ಸಾಕೆಂದು ತಾಯಿಯ ಬಳಿಗೆ ಬಂದು ವರ್ಷವಾಗಿದ್ದ ಹುಡುಗಿ. ಸುಮ್ಮನೆ ಕೂತು ಉಣ್ಣುವ ಜಾಯಮಾನದವಳಲ್ಲ. ಮೊದಲ ದಿನ ಸಂಜೆ ಅವಳು ಅಂಗಳದಲ್ಲಿ ನಿಂತು ಬಾಯಿ ಮುಕ್ಕಳಿಸಿ ಉಗುಳಿದಾಗ ಕಲ್ಲಿನ ಮೇಲೆ ಬಿದ್ದ ನೀಲಿಯನ್ನು ಹೊನ್ನೂರಮ್ಮ ನೋಡಿದಳು. ಮುಂದೆ ಅವಳು ಕಟ್ಟಿದ ಸಂಘ ಹುಟ್ಟಿದ್ದು ಆ ಉಗುಳಿನಿಂದ. ಆಮೇಲೆ ಪತ್ರಿಕೆಯವರು ಬಂದು ಭೂಮಿ, ನೀರು, ಮುಂದಿನ ಪೀಳಿಗೆ ಎಂದೆಲ್ಲ ಬರೆದರು. ಆ ಮಾತುಗಳೂ ಸುಳ್ಳಲ್ಲ. ಕಾರ್ಖಾನೆಯಲ್ಲಿ ಬಟ್ಟೆ ತೊಳೆದ ನೀರು ಹರಿದು ಓಣಿಯ ಚರಂಡಿ ವರ್ಷವಿಡೀ ನೀಲಿಯಾಗಿಯೇ ಇರುತ್ತಿತ್ತು. ಆದರೆ ಹೊನ್ನೂರಮ್ಮನಿಗೆ ಬೇಕಾದದ್ದು ಒಂದೇ: ಜನ ಹೊಸದನ್ನು ಕೊಂಡು ಹಳೆಯದರ ವೇಷ ಹಾಕಿಸುವುದನ್ನು ಬಿಡಬೇಕು, ಆ ಕೋಣೆಗೆ ಬೀಗ ಬೀಳಬೇಕು, ಮಗಳ ಎದೆ ಉಳಿಯಬೇಕು.

ಭಾನುವಾರ ಅಂಗನವಾಡಿಯ ಮುಂದೆ ಹನ್ನೆರಡು ಹೆಂಗಸರು ಸೂಜಿ ದಾರ ತಂದು ಕೂತರು. ಓಣಿಯ ಹರಿದ ಬಟ್ಟೆಯೆಲ್ಲ ಅಲ್ಲಿಗೆ ಬಂತು. ತೇಪೆ ಸಂಘ ಎಂದು ಹೆಸರಿಟ್ಟರು. ತೇಪೆಯನ್ನು ಒಳಗೆ ಮುಚ್ಚಿ ಹಾಕದೆ ಹೊರಗೆ, ಕಣ್ಣಿಗೆ ಹೊಡೆಯುವ ಬಣ್ಣದಲ್ಲಿ ಹಾಕುವುದು ಅವರ ಪದ್ಧತಿಯಾಯಿತು. ಸೇರುವವರು ಸೂಜಿ ಹಿಡಿದು ಎರಡು ಮಾತು ಕೊಡಬೇಕು: ನೂರು ದಿನ ಉಡದ ಬಟ್ಟೆಯಲ್ಲಿ ಮದುವೆಗೆ ಹೋಗೆವು, ಉಡಬಲ್ಲ ಬಟ್ಟೆಗೆ ಕತ್ತರಿ ಇಡೆವು. ಎರಡನೆಯದನ್ನು ಮುರಿದವರು ಒಂದು ವರ್ಷ ಸಂಘದ ಚಾಪೆಯಿಂದ ಹೊರಗೆ. ಹರಿಯದ ಸೀರೆಯನ್ನು ಕತ್ತರಿಸಿ ಕುಪ್ಪಸ, ಚೀಲ, ಒರೆಸುವ ಅರಿವೆ ಮಾಡುವ ಚಟ ಓಣಿಯಲ್ಲಿ ಬಹಳವಿತ್ತು. ಅದಕ್ಕೇ ಹೊನ್ನೂರಮ್ಮ ಆ ಮಾತನ್ನು ಅಷ್ಟು ಬಿಗಿಯಾಗಿ ಇಟ್ಟಿದ್ದಳು. ಅವಳ ಸೊಂಟದ ಚೀಲದಲ್ಲಿ ಕತ್ತರಿ ಸದಾ ಇರುತ್ತಿತ್ತು, ಆದರೆ ದಾರದ ತುದಿ ಬಿಟ್ಟು ಬೇರೇನನ್ನೂ ಅದು ಮುಟ್ಟುತ್ತಿರಲಿಲ್ಲ.

ನೂರು ದಿನದ ಮಾತು ಮಾತ್ರ ಸುಳ್ಳಿನ ಸಂತೆಯಾಯಿತು. ಒಂದು ಮದುವೆಯಲ್ಲಿ ಹುಡುಗಿಯ ಅತ್ತೆ ಫಳಫಳ ಹೊಳೆಯುವ ಸೀರೆಯುಟ್ಟು ಬಂದು, "ನೂರಾ ಹತ್ತು ದಿನ ಉಟ್ಟೀನ್ರವಾ," ಎಂದಳು.

"ಹೌದೌದು," ಎಂದಳು ಹುಸೇನ್‌ಬಿ, "ಗಂಜಿ ಇನ್ನಾ ಮಾತಾಡಾಕ ಹತ್ತೈತಿ."

ಚಪ್ಪರವೆಲ್ಲ ನಕ್ಕಿತು. ಅತ್ತೆ ಊಟ ಬಿಟ್ಟು ಎದ್ದು ಹೋದಳು. ಈ ಸುದ್ದಿ ಹೇಗೋ ಜವಳಿ ಸಂಶೋಧನಾ ಕೇಂದ್ರದ ತಿಪ್ಪೇಸ್ವಾಮಿಯವರ ಕಿವಿಗೆ ಬಿತ್ತು. ಮೊಳಕಾಲ್ಮುರು ಕಡೆಯ ನೇಕಾರರ ಮನೆಯವರು, ಮೆಲ್ಲಗೆ ಮಾತಾಡುವ ಮನುಷ್ಯ. ಅವರೇ ಓಣಿಗೆ ಬಂದು ಹೊನ್ನೂರಮ್ಮ, ಹುಸೇನ್‌ಬಿ ಇಬ್ಬರನ್ನೂ ಪ್ರಯೋಗಾಲಯಕ್ಕೆ ಕರೆದೊಯ್ದರು.

ಅಲ್ಲಿ ಗಾಜಿನ ತಟ್ಟೆಯಲ್ಲಿ ಒಂದು ನೂಲು ಬಿದ್ದಿತ್ತು. ಬರಿಗಣ್ಣಿಗೆ ಸಾಧಾರಣ ಬಿಳಿ ನೂಲು. ಮಸೂರದ ಕೆಳಗೆ ಇಟ್ಟರೆ ಸಾಲಾಗಿ ಸಣ್ಣ ಸಣ್ಣ ಗುಳ್ಳೆ.

"ಇದನ್ನ ಬಟ್ಟೆ ಅಂಚಿನಲ್ಲಿ ಸೇರಿಸಿ ಹೊಲಿಯೋದಮ್ಮ," ಎಂದರು ತಿಪ್ಪೇಸ್ವಾಮಿ. "ಮೈ ಶಾಖ ಬೇಕು, ಬೆವರು ಬೇಕು, ಅಲುಗಾಟ ಬೇಕು. ಮೂರೂ ಸೇರಿ ಎಂಟು ಗಂಟೆ ಸಿಕ್ರೆ ಒಂದು ಗುಳ್ಳೆ ಗಟ್ಟಿಯಾಗಿ ಮಣಿಯಾಗುತ್ತೆ. ದಿನಕ್ಕೆ ಒಂದೇ ಮಣಿ. ಅಂಚಿಗೆ ಫೋನು ಹಿಡಿದ್ರೆ ಎಷ್ಟು ಮಣಿ ಅಂತ ತೋರಿಸುತ್ತೆ. ಅಷ್ಟು ದಿನ ಉಟ್ಟಿದ್ದು ಅಂತ ಲೆಕ್ಕ."

"ನಮ್ಮ ಕೈಯಾಗ ಕೊಡ್ರಿ ಸರ ಒಂದ್ ವಾರ," ಎಂದಳು ಹೊನ್ನೂರಮ್ಮ. "ಕಳ್ಳ ಹಳೇದು ಮಾಡಾದ್ರಾಗ ನಮ್ಮನ್ನ ಮೀರಿಸಿದೋರು ಈ ಜಿಲ್ಲಾದಾಗ ಇಲ್ಲ."

ಇಬ್ಬರೂ ಒಂದು ವಾರ ಒದ್ದಾಡಿದರು. ಇಸ್ತ್ರಿ ಇಟ್ಟರು, ಉಪ್ಪುನೀರಲ್ಲಿ ನೆನೆಸಿದರು, ಬಿಸಿನೀರಿನ ಕೊಡಕ್ಕೆ ಸುತ್ತಿ ಗಾಡಿಯ ಮೇಲೆ ಕಟ್ಟಿ ಊರೆಲ್ಲ ಎಳೆಸಿದರು. ಒಂದು ಮಣಿಯೂ ಕಟ್ಟಲಿಲ್ಲ. ಸೀಸೆಯಲ್ಲಿ ಮಾಡಿದ ಬೆವರನ್ನು ನೂಲು ನಂಬುತ್ತಿರಲಿಲ್ಲ. ಮನುಷ್ಯರ ಚರ್ಮದ ಎಣ್ಣೆ ಅದರೊಳಗೆ ಇರಬೇಕು. ಸೋತ ಹೊನ್ನೂರಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ನೂಲು ಸುಳ್ಳು ಹೇಳಂಗಿಲ್ಲ ಬಿಡ್ರಿ," ಎಂದಳು. ಮುಂದೆ ಊರೂರಿನ ಗೋಡೆಗಳ ಮೇಲೆ ಬರೆಸಿಕೊಂಡ ಮಾತು ಅದೇ.

ಹೊರಡುವಾಗ ತಿಪ್ಪೇಸ್ವಾಮಿ ಇನ್ನೊಂದು ಕೇಳಿದರು. "ಒಬ್ಬೊಬ್ಬರ ಬೆವರು ಒಂದೊಂದು ಥರ ಇರುತ್ತಮ್ಮ. ಬಟ್ಟೆ ಯಾರದೋ ಅವರ ಮೈಗೆ ಮಾತ್ರ ಮಣಿ ಕಟ್ಟೋ ಹಾಗೆ ಮಾಡಬಹುದು. ಮಾಡಲಾ?"

ಹೊನ್ನೂರಮ್ಮ ತಾನುಟ್ಟ ಸೀರೆಯ ಸೆರಗನ್ನು ನೋಡಿಕೊಂಡಳು. ಅದು ಅವಳ ತಾಯಿಯದು. ಹಬ್ಬದ ದಿನ ಅದನ್ನೇ ಸುಂಕಮ್ಮ ಉಡುತ್ತಿದ್ದಳು. ಓಣಿಯಲ್ಲಿ ಅಕ್ಕನ ಲಂಗ ತಂಗಿಗೆ, ತಂಗಿಯದು ಚಿಕ್ಕಮ್ಮನ ಮಗಳಿಗೆ ಹೋಗುತ್ತಿತ್ತು. ಬಾಣಂತಿಯ ಸೀರೆ ಕೂಸಿಗೆ ತೊಟ್ಟಿಲಾಗುತ್ತಿತ್ತು.

"ಬ್ಯಾಡ್ರಿ ಸರ," ಎಂದಳು. "ನಮ್ಮ ಮನ್ಯಾಗ ಬಟ್ಟಿ ಒಬ್ಬರದಲ್ಲ. ಯಾರ ಮೈ ಅಂತ ಅದು ಕೇಳಬಾರದು. ಉಟ್ಟರಾ, ಇಲ್ಲಾ, ಅಷ್ಟಾ ಕೇಳ್ಲಿ."

"ಅದೂ ಸರಿಯೇ," ಎಂದು ತಿಪ್ಪೇಸ್ವಾಮಿ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಮಣಿನೂಲು ಹರಡಿದ ವೇಗ ನೋಡಿ ಹೊನ್ನೂರಮ್ಮ, ತಿಪ್ಪೇಸ್ವಾಮಿ ಇಬ್ಬರೂ ಬೆರಗಾದರು. ಮೊದಲು ಬಳ್ಳಾರಿಯ ಓಣಿಗಳು, ಆಮೇಲೆ ಕಾಲೇಜುಗಳು, ಆಮೇಲೆ ದೂರದ ನಗರಗಳು. ನೂರರ ಮದುವೆ ಎಂಬುದು ಫ್ಯಾಷನ್ ಆಯಿತು. ಹೊಸ ಬಟ್ಟೆ ಉಟ್ಟವರನ್ನು ಜನ ಸರ್ಕಾರಿ ಗೋಡೆಗೆ ಉಚ್ಚೆ ಹೊಯ್ದವರನ್ನು ನೋಡಿದಂತೆ ನೋಡತೊಡಗಿದರು. ಕಚೇರಿಗಳಲ್ಲಿ ಬಾಗಿಲ ಬಳಿ ಮಣಿ ತೋರಿಸುವ ಪರದೆ ಬಂತು. ಸರ್ಕಾರ ಮಣಿನೂಲಿನ ಲೆಕ್ಕವನ್ನು ಸಾಕ್ಷ್ಯವೆಂದು ಒಪ್ಪುವ ಕಾನೂನನ್ನೇ ಮಾಡಿತು. ಕಾರ್ಖಾನೆಯ ಉಜ್ಜುವ ಕೋಣೆಗೆ ಬೀಗ ಬಿತ್ತು; ಎಮರಿ ಕಾಗದದ ಹಳೆತನ ಯಾರಿಗೂ ಬೇಡವಾಗಿತ್ತು. ಚರಂಡಿಯ ನೀರು ಮೊದಲು ತಿಳಿನೀಲಿಯಾಗಿ, ಕೊನೆಗೆ ಎಲ್ಲ ಚರಂಡಿಗಳ ಬಣ್ಣಕ್ಕೆ ತಿರುಗಿತು. ಹೊನ್ನೂರಮ್ಮ ಅಂದು ಓಣಿಗೆಲ್ಲ ಬೆಲ್ಲ ಹಂಚಿದಳು.

ನೂರು ದಿನ ಉಡಲು ನೂರು ದಿನ ಬೇಕು ಎಂಬುದನ್ನು ಅವಳು ಮರೆತಿರಲಿಲ್ಲ. ಬಟ್ಟೆ ಕೊಳ್ಳುವ ಶಕ್ತಿ ಇದ್ದವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ ಎಂಬುದನ್ನು ಮಾತ್ರ ಮರೆತಿದ್ದಳು. ಮುಂದಿನ ವರ್ಷ ನಗರದ ಅಂಗಡಿಗಳಲ್ಲಿ ಮುನ್ನೂರು ಮಣಿಯ ಅಂಗಿಗಳು ಮಾರಾಟಕ್ಕೆ ಬಂದವು. ಹಾಗೆ ಸಿದ್ಧವಾಗಿ ಬಂದ ಅಂಗಿಯ ಬೆಲೆ ಹೊಸದಕ್ಕಿಂತ ಹತ್ತು ಪಟ್ಟು. ಅವನ್ನು ಸವೆಸುವುದು ಹೇಗೆ? ಎಮರಿ ಕಾಗದ ನಡೆಯದು, ಯಂತ್ರ ನಡೆಯದು. ಉಳಿದದ್ದು ಮನುಷ್ಯರ ಮೈಯೊಂದೇ. ಹಳೆಯ ಉಜ್ಜುವ ಕೋಣೆಯ ಬೀಗ ತೆಗೆದು, ಸುಣ್ಣ ಬಳಿದು, ಬಾಗಿಲಿಗೆ ಉಡಿಕೆ ಘಟಕ ಎಂದು ಬೋರ್ಡು ಹಾಕಿದರು.

ಮೊದಲ ಸಾಲಿನಲ್ಲಿ ಸೇರಿದವರಲ್ಲಿ ಸುಂಕಮ್ಮನೂ ಒಬ್ಬಳು.

"ಯಾರ್ದೋ ಅಂಗಿ ಉಟ್ಕೊಂಡು ಕ್ವಾಣ್ಯಾಗ ಸುತ್ತು ಹೊಡಿಯಾದು ಒಂದು ಕೆಲಸಾನ?" ಎಂದು ಹೊನ್ನೂರಮ್ಮ ರೊಟ್ಟಿ ಬಡಿಯುತ್ತಲೇ ರೇಗಿದಳು.

"ಯಾಕ್ಬೇ, ನಾನೇನು ಕದಿಯಾಕ ಹೊಂಟೀನೇನು?" ಎಂದಳು ಸುಂಕಮ್ಮ. "ತಿಕ್ಕೋ ಕೆಲಸ ಹೋತು. ನಿನ್ನ ಸಂಘದಿಂದಾನಾ ಹೋತು. ಹೋಗ್ಲಿ, ಒಳ್ಳೇದಾತು. ಈಗ ಉಗುಳು ನೀಲಿ ಬರಂಗಿಲ್ಲ, ನೋಡು." ಅವಳು ಬೇಕೆಂದೇ ಅಂಗಳಕ್ಕೆ ಉಗುಳಿ ತೋರಿಸಿದಳು. "ನೀನಾ ಅಲ್ಲೇನು ಮೈಕಿನಾಗ ಒದರಿದಾಕಿ, ಬಟ್ಟಿ ಇರಾದು ಉಡಾಕ ಅಂತ? ಉಡಾಕ ಹೊಂಟೀನಿ."

"ಎಷ್ಟು ಬಟ್ಟಿ ಉಡಿಸ್ತಾರ?"

"ಆರು."

"ಒಮ್ಮಿಗಾ?"

"ಹೂಂನಬೇ. ಮೂರು ಅಂಗಿ, ಎರಡು ಪ್ಯಾಂಟು, ಮ್ಯಾಲೊಂದು ಜಾಕೀಟು. ಮದುವಿ ಹೆಣ್ಣಿಗೂ ಅಷ್ಟು ಉಡಿಸಂಗಿಲ್ಲ," ಎಂದು ನಕ್ಕಳು. ತಟ್ಟೆ ಹಿಡಿದು ಕೂತವಳು ಮತ್ತೆ ಅಂದಳು: "ಒಬ್ಬಾಕಿಗೆ ಒಂದಾ ಕಟ್ಟು. ಮುನ್ನೂರು ಮಣಿ ಆಗೋತನಕ ಅದು ನಂದಾ. ನಿನ್ನಾಣಿ, ನನ್ನ ಹೆಸರೂ ಹಚ್ಯಾರ ಕಟ್ಟಿನ ಮ್ಯಾಲೆ."

ಘಟಕದ ಮ್ಯಾನೇಜರ್ ಗೋಪಿನಾಥ ಹೊನ್ನೂರಮ್ಮನನ್ನು ಒಮ್ಮೆ ಶಾಲು ಹೊದಿಸಲು ಕರೆಸಿದ. ಬಾಗಿಲಲ್ಲೇ ಅವಳ ಆಳೆತ್ತರದ ಫೋಟೊ. ಕೆಳಗೆ ದೊಡ್ಡ ಅಕ್ಷರದಲ್ಲಿ 'ನೂಲು ಸುಳ್ಳು ಹೇಳದು', ಅದರ ಕೆಳಗೆ 'ಉಡಬಲ್ಲ ಬಟ್ಟೆಗೆ ಕತ್ತರಿ ಇಡೆವು'. ಒಳಗೆ ಉದ್ದನೆಯ ಸಭಾಂಗಣದಲ್ಲಿ ಇನ್ನೂರು ಮುನ್ನೂರು ಹೆಂಗಸರು ಒಂದೇ ದಿಕ್ಕಿಗೆ ಸುತ್ತು ಹಾಕುತ್ತಿದ್ದರು. ಬಟ್ಟೆಯ ದಪ್ಪಕ್ಕೆ ಕೈಗಳು ಪಕ್ಕೆಗೆ ಅಂಟದೆ, ಎಲ್ಲರೂ ಸೇದಿದ ಕೊಡ ಹೊತ್ತವರಂತೆ ತೋಳು ಅಗಲಿಸಿ ನಡೆಯುತ್ತಿದ್ದರು. ಮೇಲೆ ಫ್ಯಾನುಗಳಿದ್ದವು, ತಿರುಗುತ್ತಿರಲಿಲ್ಲ.

"ಫ್ಯಾನ್ ಯಾಕ ಹಾಕಿಲ್ಲ?"

"ಹೊರಗಿನ ಜಾಕೀಟ್‌ತನಕ ಬೆವರು ಮುಟ್ಟಬೇಕಲ್ಲಮ್ಮ," ಎಂದ ಗೋಪಿನಾಥ, ಅಡುಗೆಯ ಹದ ಹೇಳುವವನಂತೆ.

ಅವನು ಅವಳನ್ನು ನಿಯಂತ್ರಣ ಕೊಠಡಿಗೆ ಕರೆದೊಯ್ದ. ಅಲ್ಲಿ ಎಸಿ ತಣ್ಣಗೆ ಹೊಡೆಯುತ್ತಿತ್ತು. ಗೋಡೆ ತುಂಬ ಪರದೆ, ಪರದೆ ತುಂಬ ಹಸಿರು ಚುಕ್ಕೆ. ಒಬ್ಬಳಿಗೆ ಆರು ಚುಕ್ಕೆ, ಬಟ್ಟೆಗೊಂದು; ಬಟ್ಟೆ ಎಲ್ಲಿದ್ದರೂ ಅದರ ನೂಲಿನ ಸುದ್ದಿ ಇಲ್ಲಿಗೆ ಬರುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಅಂಗಿಗಳನ್ನು ತೊಡಿಸಿ, ಮೂರೂ ಅಂಗಿ ಮತ್ತು ಜಾಕೀಟನ್ನು ಕುತ್ತಿಗೆಯಿಂದ ಹೊಟ್ಟೆಯವರೆಗೆ ಸೇರಿಸಿ ಸಣ್ಣ ಹೊಲಿಗೆ ಹಾಕುತ್ತಿದ್ದರು. ನಡುವೆ ಬಿಚ್ಚಿ ಗಾಳಿಗೆ ನಿಲ್ಲಬಾರದೆಂದು. ಪ್ಯಾಂಟುಗಳ ನಡುವಿಗೂ ಹಾಗೆಯೇ. ಸಂಜೆ ಐದಕ್ಕೆ ಮಣಿ ಕಟ್ಟಿದ ಮೇಲೆ ಹೊಲಿಗೆ ಬಿಚ್ಚುತ್ತಿದ್ದರು. ಬಟ್ಟೆ ಮೈಯಿಂದ ಕಳಚಿದರೆ ಚುಕ್ಕೆ ಕೆಂಪಾಗುತ್ತಿತ್ತು, ಆ ದಿನದ ಕೂಲಿಯೂ ಹೋಗುತ್ತಿತ್ತು.

"ನಿಮ್ಮ ಸುಂಕಮ್ಮಂದು ನೋಡಿ, ಒಂದು ದಿನಾನೂ ಕೆಂಪಾಗಿಲ್ಲ," ಎಂದು ಗೋಪಿನಾಥ ಮೆಚ್ಚಿಕೊಂಡ.

ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಹೊನ್ನೂರಮ್ಮ ನೇರ ತಿಪ್ಪೇಸ್ವಾಮಿಯವರ ಹತ್ತಿರ ಹೋದಳು. ಅವರ ಪ್ರಯೋಗಾಲಯ ಈಗ ಮೂರು ಮಹಡಿಯದಾಗಿತ್ತು, ಆದರೆ ಅವರು ಎದ್ದು ಬಂದು ತಾವೇ ಕುರ್ಚಿ ಎಳೆದು ಕೊಟ್ಟರು.

"ಆವತ್ತು ಕೇಳಿದ್ರಲ್ಲ ಸರ, ಯಾರ ಮೈ ಅಂತ ನೂಲಿಗೆ ತಿಳಿಯಂಗ ಮಾಡ್ಲಾ ಅಂತ. ಈಗ ಮಾಡ್ರಿ. ಕೊಂಡೋರು ತಾವಾ ಉಟ್ಟು ಸಾಯ್ಲಿ."

"ಮಾಡಬಹುದಮ್ಮ. ಮಣಿನೂಲು ಮಂಡಳಿ ಮುಂದೆ ನಾನೇ ಇಡ್ತೀನಿ, ನೀವು ಸಂಘದಿಂದ ಒಂದು ಅರ್ಜಿ ಕೊಟ್ರೆ ಸಾಕು." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆದ್ರೆ ಒಂದು ತಿಳ್ಕೊಳ್ಳಿ. ಹಾಗೆ ಮಾಡಿದ್ರೆ ನಿಮ್ಮಮ್ಮನ ಸೀರೆ ನಿಮ್ಮ ಮೈಮೇಲೆ ಸೊನ್ನೆ ತೋರಿಸುತ್ತೆ. ಅಕ್ಕನ ಲಂಗ ತಂಗಿಗೆ ಸೊನ್ನೆ. ನಿಮ್ಮ ಓಣಿಯವರು ಶಾಲೆ, ಕಚೇರಿ, ಆಸ್ಪತ್ರೆ ಎಲ್ಲಿಗೆ ಹೋದ್ರೂ ಕಳ್ಳಬಟ್ಟೆ ಉಟ್ಟ ಹಾಗೆ ಆಗುತ್ತೆ. ಎಲ್ರೂ ಸ್ವಂತಕ್ಕೆ ಹೊಸದು ಕೊಂಡು ಉಡಬೇಕಾಗುತ್ತೆ."

ಬಟ್ಟೆ ಒಬ್ಬರದಲ್ಲ ಎಂಬ ಒಂದು ಮಾತಿನ ಮೇಲೆ ಹೊನ್ನೂರಮ್ಮ ಸಂಘ ಕಟ್ಟಿದ್ದಳು.

"ವಿಚಾರ ಮಾಡಿ ಹೇಳ್ತೀನ್ರಿ," ಎಂದು ಎದ್ದಳು.

ಹತ್ತೊಂಬತ್ತು ದಿನ ವಿಚಾರ ಮಾಡಿದಳು. ಅರ್ಜಿ ಬರೆಸಿ ತಂದು ದೇವರ ಗೂಡಿನಲ್ಲಿಟ್ಟಳು, ರುಜು ಹಾಕಲಿಲ್ಲ. ದಿನಾ ಸಂಜೆ ಸುಂಕಮ್ಮ ಬಂದು ಎರಡು ಚೊಂಬು ನೀರು ಕುಡಿದು, ಹಸಿಯಾದ ನೆಲದ ಮೇಲೆ ಅಂಗಾತ ಮಲಗಿಬಿಡುತ್ತಿದ್ದಳು. ಅವಳ ಕುತ್ತಿಗೆಯಿಂದ ಹೊಟ್ಟೆಯವರೆಗೆ ಬೆವರುಸಾಲೆ ಕೆಂಪಗೆ ಎದ್ದಿರುತ್ತಿತ್ತು.

"ಬಿಟ್ಟುಬಿಡು ಮಗಳ."

"ಇನ್ನು ತೊಂಬತ್ತು ಮಣಿ, ಮುಗೀತಬೇ. ಕಟ್ಟು ಮುಗಿಸಿದೋರಿಗೆ ಕಂಟ್ರೋಲ್ ರೂಮಿನಾಗ ಕೆಲಸ ಕೊಡ್ತಾರಂತ. ಅಲ್ಲಿ ಎಸಿ ಐತಿ."

ಮೇ ತಿಂಗಳ ಒಂದು ಮಧ್ಯಾಹ್ನ ಮೂರೂವರೆಗೆ ಹುಸೇನ್‌ಬಿ ಓಡುತ್ತ ಬಂದಳು. ಅವಳೂ ಘಟಕದಲ್ಲೇ ಉಡುತ್ತಿದ್ದಳು. ಆರು ಬಟ್ಟೆಯ ಸಮೇತ ಬೀದಿಯಲ್ಲಿ ಓಡಿ ಬಂದವಳು ಏದುಸಿರು ಬಿಡುತ್ತ ಘಟಕದ ಕಡೆ ಕೈ ತೋರಿಸಿದಳು. ಹೊನ್ನೂರಮ್ಮ ಹೋಗುವಷ್ಟರಲ್ಲಿ ಸುಂಕಮ್ಮನನ್ನು ಗೇಟಿನ ಬಳಿ ಟೆಂಪೊದ ಹಿಂಭಾಗದಲ್ಲಿ ಮಲಗಿಸಿದ್ದರು. ಮೈ ಕಾದ ಹಂಚಿನಂತಿತ್ತು. ಕಣ್ಣು ಅರೆತೆರೆದಿದ್ದವು. ತುಟಿ ಏನೋ ಹೇಳುತ್ತಿತ್ತು.

ಹೊನ್ನೂರಮ್ಮ, ಹುಸೇನ್‌ಬಿ, ಇನ್ನಿಬ್ಬರು ಹೆಂಗಸರು ಹತ್ತಿದರು. ಟೆಂಪೊ ಹೊರಟಿತು. "ಬಿಚ್ಚ್ರಿ, ಮದ್ಲು ಬಿಚ್ಚ್ರಿ ಮೈಮ್ಯಾಲಿಂದ!" ಎಂದು ಹೊನ್ನೂರಮ್ಮ ಕೂಗಿದಳು. ನಾಲ್ಕೂ ಜನ ಸುಂಕಮ್ಮನ ಎದೆಯ ಮೇಲೆ ಬಗ್ಗಿ, ಆ ಸಣ್ಣ ಹೊಲಿಗೆಯನ್ನು ಉಗುರಿನಿಂದ ಎಬ್ಬಿಸಿ, ಸೂಜಿಯ ತುದಿಯಿಂದ ಒಂದೊಂದೇ ಕುಣಿಕೆ ಬಿಚ್ಚತೊಡಗಿದರು. ಜೀವಮಾನವಿಡೀ ಬಟ್ಟೆಯ ಮೇಲೆ ಆಡಿದ ಬೆರಳುಗಳು; ಅರಿವೆಗೆ ನೋವಾಗದ ಹಾಗೆ ಹೊಲಿಗೆ ಬಿಚ್ಚುವುದು ಅವಕ್ಕೆ ಉಸಿರಾಡಿದಷ್ಟು ಸಹಜ. ಟೆಂಪೊ ಕುಣಿಯಿಂದ ಕುಣಿಗೆ ಹಾರುತ್ತಿತ್ತು. ಸೂಜಿ ತಪ್ಪುತ್ತಿತ್ತು. ಮತ್ತೆ ಹಿಡಿಯುತ್ತಿದ್ದರು. ಹೊನ್ನೂರಮ್ಮನ ಸೊಂಟದ ಚೀಲದಲ್ಲಿ ಕತ್ತರಿ ಇತ್ತು. ಟೆಂಪೊ ಹಾರಿದಾಗಲೆಲ್ಲ ಅದು ಅವಳ ಪಕ್ಕೆಗೆ ಬಡಿಯುತ್ತಿತ್ತು. ಕುತ್ತಿಗೆಯಲ್ಲಿಟ್ಟು ಒಂದೇ ಸಲ ಎಳೆದಿದ್ದರೆ ಜಾಕೀಟು, ಮೂರೂ ಅಂಗಿ ಕ್ಷಣದಲ್ಲಿ ತೆರೆದುಕೊಳ್ಳುತ್ತಿದ್ದವು.

ಅದು ಯಾರಿಗೂ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ.

ರೈಲ್ವೆ ಗೇಟು ಹಾಕಿತ್ತು. ಎರಡು ಗೂಡ್ಸ್ ಗಾಡಿ ಅದಿರು ಹೊತ್ತು ಹೋದವು. ಜಾಕೀಟು ಬಂತು, ಮೇಲಿನ ಒಂದು ಅಂಗಿ ಬಂತು. ಗೇಟು ತೆರೆದರೆ ಮುಂದೆ ಅಗೆದ ರಸ್ತೆ, ಟೆಂಪೊ ಸುತ್ತು ಹಾಕಿ ಕಲ್ಲಿನ ದಾರಿ ಹಿಡಿಯಿತು. ಎರಡನೆಯ ಅಂಗಿಯ ಅರ್ಧ ಹೊಲಿಗೆ ಬಿಚ್ಚಿದ್ದಾಗ ಹುಸೇನ್‌ಬಿ ಕೈ ನಿಲ್ಲಿಸಿದಳು. "ಅಕ್ಕಾ," ಎಂದಳು. "ಮೈ ಬೆಚ್ಚಗೈತಿ," ಎಂದು ಹೊನ್ನೂರಮ್ಮ ಬಿಚ್ಚುತ್ತಲೇ ಇದ್ದಳು.

ಆಸ್ಪತ್ರೆ ಮುಟ್ಟಿದಾಗ ಐದು ದಾಟಿತ್ತು. ಡಾಕ್ಟರು ಕಣ್ಣರೆಪ್ಪೆ ಎತ್ತಿ ನೋಡಿದರು. "ಹೋಗಿ ಒಂದು ಗಂಟೆ ಮೇಲಾಗಿದೆಯಮ್ಮ," ಎಂದರು. ಉಳಿದ ನಾಲ್ಕು ಬಟ್ಟೆಗಳನ್ನು ನರ್ಸು ಬಿಚ್ಚಿ, ಗಂಟು ಕಟ್ಟಿ ತಾಯಿಯ ಕೈಗೆ ಕೊಟ್ಟಳು.

ಹದಿನೈದು ದಿನದ ಮೇಲೆ ವಿಚಾರಣೆಯ ಕೋಣೆಯಲ್ಲಿ ಗೋಪಿನಾಥ ಒಂದು ಹಾಳೆ ಮುಂದಿಟ್ಟ. ನಾಲ್ಕು ಬಟ್ಟೆಗಳಲ್ಲೂ ಆ ದಿನದ ಮಣಿ ಕಟ್ಟಿತ್ತು. ಒಂಬತ್ತರಿಂದ ಐದರವರೆಗೆ ಎಂಟು ಗಂಟೆ ಪೂರ್ತಿ. ಪರದೆಯಲ್ಲಿ ನಾಲ್ಕು ಚುಕ್ಕೆ ಐದು ಗಂಟೆಯವರೆಗೂ ಹಸಿರು. ಅಂದರೆ ಐದು ಗಂಟೆಯವರೆಗೆ ಸುಂಕಮ್ಮ ಜೀವಂತ ಇದ್ದಳು, ಉಡುತ್ತಿದ್ದಳು. ಸತ್ತದ್ದು ಆಸ್ಪತ್ರೆಯಲ್ಲಿ. ಘಟಕಕ್ಕೂ ಅದಕ್ಕೂ ಸಂಬಂಧವಿಲ್ಲ.

"ಡಾಕ್ಟರು ಬರ್ದಾರಲ್ರೀ, ಗಂಟಿ ಮ್ಯಾಲಾಗೇತಿ ಅಂತ!"

"ಅದು ಅಂದಾಜಮ್ಮ," ಎಂದ ವಿಚಾರಣೆಯ ಅಧಿಕಾರಿ. ಕೆಟ್ಟವನಲ್ಲ, ಬೇಸತ್ತವನು. "ಕಾನೂನು ಮಣಿನೂಲನ್ನ ನಂಬುತ್ತೆ. ನೂಲು ಸುಳ್ಳು ಹೇಳಲ್ಲ ಅಂತ ನೀವೇ ಊರೆಲ್ಲ ಬರೆಸಿದ್ದೀರಿ."

ಹೊನ್ನೂರಮ್ಮ ಆ ಗಂಟನ್ನು ಎದೆಗವಚಿಕೊಂಡು ಪ್ರಯೋಗಾಲಯಕ್ಕೆ ಹೋದಳು. ತಿಪ್ಪೇಸ್ವಾಮಿ ಅತ್ಯಂತ ಒಳಗಿನ ಅಂಗಿಯ ಅಂಚನ್ನು ಮಸೂರದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಇನ್ನೂರ ಹನ್ನೆರಡು ಮಣಿ. ಕೊನೆಯದು ಬೇರೆಲ್ಲದರಷ್ಟೇ ದುಂಡಗಿತ್ತು.

"ಬೆವರು ನೆಂದೇ ಇತ್ತು," ಎಂದು ತಮಗೇ ಹೇಳಿಕೊಂಡರು. "ಮೇ ತಿಂಗಳ ಬಿಸಿಲು, ತಗಡಿನ ಟೆಂಪೊ. ಶಾಖ ಇಳಿದಿಲ್ಲ. ಅಲುಗಾಟ ರಸ್ತೆ ಕೊಟ್ಟಿದೆ." ಅವರು ಮಸೂರವನ್ನು ಪಕ್ಕಕ್ಕೆ ಸರಿಸಿದರು. "ನಾವು ಎಲ್ಲ ಪರೀಕ್ಷೆ ಮಾಡಿದ್ವಮ್ಮ. ಇದೊಂದನ್ನ ಮಾಡಲಿಲ್ಲ."

"ಇಷ್ಟಾ ಬರ್ದುಕೊಡ್ರಿ ಸರ. ಸತ್ತ ಮೈಮ್ಯಾಲೂ ಮಣಿ ಕಟ್ಟತೈತಿ ಅಂತ. ಒಂದಾ ಸಾಲು."

ತಿಪ್ಪೇಸ್ವಾಮಿ ಪೆನ್ನಿನ ಮುಚ್ಚಳ ತೆಗೆದರು. ಹಾಳೆಯನ್ನು ಮುಂದೆ ಎಳೆದುಕೊಂಡರು. ಕಿಟಕಿಯಾಚೆ ನೋಡಿದರು. ಮತ್ತೆ ಮುಚ್ಚಳ ಹಾಕಿದರು.

"ಒಂದು ಮಣಿ ಸುಳ್ಳು ಅಂತ ನಾನು ಬರ್ದ್ರೆ ದೇಶದ ಎಲ್ಲ ಮಣೀನೂ ಸುಳ್ಳಾಗುತ್ತಮ್ಮ. ಮತ್ತೆ ಹೊಸ ಬಟ್ಟೆ ರಾಶಿ ಬೀಳುತ್ತೆ, ಮತ್ತೆ ಉಜ್ಜೋ ಕೋಣೆ, ಮತ್ತೆ ನೀಲಿ ಚರಂಡಿ. ನೀವು ಕಟ್ಟಿದ್ದೆಲ್ಲ ಹೋಗುತ್ತೆ. ನಾನಾಗಿ ಅದನ್ನ ಕೆಡವಲಾ?"

"ನಾ 'ವಿಚಾರ ಮಾಡಿ ಹೇಳ್ತೀನಿ' ಅಂದೆ, ನನ್ನ ಮಗಳು ಹ್ವಾದ್ಲು," ಎಂದಳು ಹೊನ್ನೂರಮ್ಮ. "ನೀವೂ ವಿಚಾರ ಮಾಡ್ರಿ."

ಹಾಳೆ ಖಾಲಿಯಾಗಿಯೇ ಉಳಿಯಿತು. ಅವಳು ಗಂಟು ಕಟ್ಟಿಕೊಂಡು ಬಂದಳು.

ಮರುದಿನ ಗೋಪಿನಾಥ ತಾನೇ ಓಣಿಗೆ ಬಂದ. ನಾಲ್ಕು ಬಟ್ಟೆ ಘಟಕದ ಸ್ವತ್ತು, ಇನ್ನು ಎಂಬತ್ತೆಂಟು ಮಣಿ ಬಾಕಿ ಇವೆ, ಬೇರೊಬ್ಬರ ಮೈಮೇಲೆ ಮುಗಿಸಬೇಕು. ಅಂಗಳದಲ್ಲಿ ಹೊನ್ನೂರಮ್ಮ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಕತ್ತರಿ ಇತ್ತು. ಸುತ್ತಲೂ ಅರಿವೆಯ ಚೂರುಗಳು ಬಿದ್ದಿದ್ದವು. ಎರಡು ಪ್ಯಾಂಟು, ಒಂದು ಅಂಗಿ ಆಗಿಹೋಗಿದ್ದವು. ಉಳಿದದ್ದು ಕೊನೆಯ ಅಂಗಿ. ಅದನ್ನು ಅವಳು ತೊಡೆಯ ಮೇಲೆ ಹರವಿ, ಕುತ್ತಿಗೆಯ ಬಳಿ ಕತ್ತರಿ ಇಟ್ಟು, ಹೊಟ್ಟೆಯವರೆಗೆ ಒಂದೇ ಸಲ ಎಳೆದಳು. ಎರಡು ಕ್ಷಣವೂ ಹಿಡಿಯಲಿಲ್ಲ. ಇಷ್ಟು ಬೇಗ ಆಗಿಬಿಡುತ್ತದೆಯೇ ಎಂದು ಅವಳು ಕೈ ಎತ್ತಿ ಕತ್ತರಿಯನ್ನೇ ನೋಡಿದಳು.

"ಏನ್ ಮಾಡ್ತಿದ್ದೀರಮ್ಮ!" ಗೋಪಿನಾಥನಿಗೆ ನಿಜವಾಗಿಯೂ ಆಘಾತವಾಗಿತ್ತು. "ಉಡಬಲ್ಲ ಬಟ್ಟೆಗೆ ಕತ್ತರಿ ಇಡಬಾರದು ಅಂತ ನೀವೇ ಹೇಳಿಕೊಟ್ಟದ್ದಲ್ವಾ? ನಮ್ಮ ಗೋಡೆ ಮೇಲೆ ಇದೆ!"

"ಹೌದಪ್ಪ," ಎಂದಳು ಹೊನ್ನೂರಮ್ಮ. "ನಾನಾ ಹೇಳಿಕೊಟ್ಟದ್ದು."

ಭಾನುವಾರ ಸಂಘದ ಸಭೆ ಸೇರಿತು. ಈಗ ಸಂಘಕ್ಕೆ ಕಚೇರಿಯಿತ್ತು, ಹದಿನಾಲ್ಕು ಜಿಲ್ಲೆಗಳಲ್ಲಿ ಶಾಖೆಯಿತ್ತು, ಅಚ್ಚಾದ ನಿಯಮಾವಳಿಯಿತ್ತು. ಸಂಜೆ ಹುಸೇನ್‌ಬಿ ಬಂದು ಹೊಸ್ತಿಲಲ್ಲೇ ನಿಂತಳು.

"ಒಂದು ವರ್ಷ ಚಾಪಿಯಿಂದ ಹೊರಗಿಟ್ಟಾರಕ್ಕ. ನಾ ಬ್ಯಾಡ ಅಂದೆ. ನೇಮ ಬರ್ದಾಕಿ ಆಕೀನಾ ಅಲ್ಲೇನು ಅಂದ್ರು."

"ಬರಾಬರಿ ಅಂದಾರ. ಬಾ, ಒಳಗ ಬಾ. ನೀ ಇನ್ನಾ ಹೊಕ್ಕಿಯೇನು ಅಲ್ಲಿಗೆ?"

ಹುಸೇನ್‌ಬಿ ಸೆರಗನ್ನು ಕುತ್ತಿಗೆಗೆ ಎಳೆದುಕೊಂಡಳು. ಅವಳ ಕುತ್ತಿಗೆಯ ಸುತ್ತ ಬೆವರುಸಾಲೆ ಕೆಂಪಗಿತ್ತು.

ಆ ಚೂರುಗಳನ್ನೆಲ್ಲ ಹೊನ್ನೂರಮ್ಮ ಒಲೆಗೆ ಹಾಕಿದಳು. ಒಂದನ್ನು ಮಾತ್ರ ಉಳಿಸಿಕೊಂಡಳು: ಒಳಗಿನ ಅಂಗಿಯ ಅಂಚು, ಗೇಣುದ್ದದ ಪಟ್ಟಿ. ಅದನ್ನು ಅಡಿಕೆ ಎಲೆಯ ಹಿತ್ತಾಳೆ ಡಬ್ಬಿಯಲ್ಲಿಟ್ಟಳು. ತನ್ನ ಬೆವರು ತಾಗಬಾರದೆಂದು ಕೈ ತೊಳೆದು, ಒರೆಸಿಕೊಂಡು, ಚಿಮಟದಿಂದ ಎತ್ತಿ ಇಟ್ಟಳು. ಒಮ್ಮೊಮ್ಮೆ ಡಬ್ಬಿ ತೆರೆದು ಫೋನು ಹಿಡಿಯುತ್ತಾಳೆ. ಇನ್ನೂರ ಹನ್ನೆರಡು ಎಂದು ತೋರಿಸುತ್ತದೆ. ಅದರಲ್ಲಿ ಇನ್ನೂರ ಹನ್ನೊಂದು ಅವಳ ಮಗಳು ಉಟ್ಟವು. ಕೊನೆಯದು ಕಟ್ಟುವಾಗ ಮಗಳು ಇರಲಿಲ್ಲ; ಅದು ಯಾರ ಮೈಯದು ಎಂದು ನೂಲು ಹೇಳುವುದಿಲ್ಲ. ಅದು ಕೇಳಬಾರದು ಎಂದವಳು ಅವಳೇ.